ಎಂಬತ್ತಾರು ಮರಗಳ ಮೇಲಿನ ಮೂರು

ಸೆತೂಬಲ್,
8 ಅಕ್ಟೋಬರ್ 2023

ಅಡೆಲೀನೊ,

ಕಾಗದ ನೋಡಿ ಗಾಬರಿ ಬೀಳಬೇಡ, ನಾನಿನ್ನೂ ಸತ್ತಿಲ್ಲ. ಫೋನ್ ಮುಟ್ಟಬಾರದು ಅಂದಿದಾರೆ. ಫೋನು, ಟಿವಿ, ಬೆಳಕು ಬಿಡೋ ಯಾವುದನ್ನೂ ನೋಡೋ ಹಾಗಿಲ್ಲ. ನೋಡಿದರೆ ಕಣ್ಣಿನ ಹಿಂದೆ ಯಾರೋ ಕೂತು ಮೊಳೆ ಹೊಡೀತಾರೆ. ಅದಕ್ಕೇ ಈ ಕಾಗದ. ಹತ್ತು ಸಾಲು ಬರೀತೀನಿ, ಕಣ್ಣು ಮುಚ್ಕೊಂಡು ಕೂರ್ತೀನಿ, ಮತ್ತೆ ಹತ್ತು ಸಾಲು. ಇದನ್ನ ಶುರು ಮಾಡಿದ್ದು ಮೊನ್ನೆ.

ಇಪ್ಪತ್ತೆರಡು ವರ್ಷ ಒಂದೇ ಕಾರ್ಕ್ ಮರದ ಆ ಕಡೆ ಈ ಕಡೆ ನಿಂತು ಇಬ್ಬರೂ ತೊಗಟೆ ಸುಲಿದಿದ್ದೀವಿ. ನಿನಗೆ ಕಾಗದ ಬರೆಯೋ ಕಾಲ ಬರುತ್ತೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ. ಏನು ಬರೀಬೇಕು ಅಂತಾನೂ ಗೊತ್ತಿಲ್ಲ. ತಂಗಿ ಜುಲ್ಮೀರ ನನ್ನನ್ನ ಹಿಂದಿನ ಕೋಣೇಲಿ ಇಟ್ಟಿದಾಳೆ, ಕಿಟಕಿಗೆ ಕಂಬಳಿ ಹೊದಿಸಿ. ಬೆಳ್ಳುಳ್ಳಿ ಹಾಕಿದ ಬ್ರೆಡ್ ಗಂಜಿ ಮೂರು ಹೊತ್ತೂ. ಅವಳ ಗಂಡ ನಾನು ಮಲಗಿದೀನಿ ಅಂತ ಸ್ವಂತ ಮನೇಲಿ ತುದಿಗಾಲಲ್ಲಿ ಓಡಾಡ್ತಾನೆ. ಐವತ್ತಾರು ವರ್ಷದ ಗಂಡಸು ನಾನು, ಮೈಮೇಲೆ ಒಂದು ಗೀರಿಲ್ಲ, ಮಗುವಿನ ಹಾಗೆ ಬಿದ್ಕೊಂಡಿದೀನಿ. ಒಂದು ತೊಟ್ಟು ರಕ್ತ ಬಂದಿದ್ದರೂ ಚೆನ್ನಾಗಿತ್ತು ಕಣೋ. ತೋರಿಸೋಕೆ ಏನಾದರೂ ಇರ್ತಿತ್ತು.

ಆ ದಿನದ್ದು ನನಗೆ ಇವತ್ತಿಗೂ ನೆನಪಿಲ್ಲ. ಬೆಳಿಗ್ಗೆ ವ್ಯಾನಿನಲ್ಲಿ ಆಲಿವ್ ತಿಂದದ್ದು ನೆನಪಿದೆ, ಆಮೇಲೆ ವ್ಯಾನಿನ ಚಾವಣಿ. ನಡುವೆ ಆದದ್ದೆಲ್ಲ ಬೇರೆಯವರು ಹೇಳಿದ್ದು. ನೀನು ಮೇಲೆ ಕವಲಿನಲ್ಲಿ ನಿಂತು ತೊಗಟೆ ಹಲಗೆ ಬಿಡಿಸಿದೆ, 'ಬಂತು' ಅಂತ ಕೂಗಿದೆ, ನಾನು ಕೆಳಗೆ ಕಂಬದ ಹಾಗೆ ನಿಂತಿದ್ದೆ. ಹನ್ನೆರಡು ಕೆಜಿ ತೊಗಟೆ ತಲೆ ಹಿಂದಕ್ಕೆ ಬಿತ್ತು. ಹೋದವರು ಬಂದವರಿಗೆಲ್ಲ ನಾನೇ ಹೇಳಿದೀನಿ, ತಪ್ಪು ನಂದೇ ಅಂತ. ಮೂವತ್ತು ವರ್ಷದ ಕೆಲಸಗಾರ, ಕೂಗು ಕೇಳಿಸಲಿಲ್ಲ ಅಂದರೆ ಏನನ್ನಬೇಕು. ನೆನೆಸಿಕೊಂಡರೆ ಮೈಯೆಲ್ಲ ಹಿಡಿಯಷ್ಟಾಗುತ್ತೆ.

ಕಾಫಿ ಅಂಗಡೀಲಿ ಏನೇನು ಮಾತು ನಡೀತಿದೆ ಅಂತ ನನಗೂ ಗೊತ್ತು. 'ಕುಸ್ತೋದಿಯೊ ಸಮುದ್ರ ನೋಡ್ಕೊಂಡು ರಜಾ ಹಾಕಿದಾನೆ' ಅಂತ ನೀನೇ ಅಂದೆಯಂತೆ. ಅನ್ನು, ನಾನೇನೂ ಬೇಜಾರು ಮಾಡ್ಕೊಳ್ಳಲ್ಲ. ಆದರೆ ನನ್ನ ಕೊಡಲಿಗೆ ಎಣ್ಣೆ ಹಚ್ಚಿಡು. ಮೇ ತಿಂಗಳಿಗೆ ಬಂದೇ ಬರ್ತೀನಿ. ನನ್ನ ಜಾಗ ಯಾರಿಗೂ ಕೊಡಬೇಡ.

ನಿನ್ನ
ಕುಸ್ತೋದಿಯೊ


ವಾಲೆ ಫುಂದೊ,
29 ಅಕ್ಟೋಬರ್ 2023

ಕುಸ್ತೋದಿಯೊ ಮಹಾಶಯರಿಗೆ,

ನಿನ್ನ ಕಾಗದ ತಂದ ಅಂಚೆಯ ಗ್ರಸಿಂಡ ಅದನ್ನ ನನ್ನ ಕೈಗೆ ಕೊಡೋ ಮೊದಲು ಬೀದಿಗೆಲ್ಲ ತೋರಿಸಿದಳು. ಕರೆಂಟ್ ಬಿಲ್ ಬಿಟ್ಟು ನನಗೆ ಬೇರೇನು ಬರುತ್ತೆ. 'ಯಾವಳೋ ಅದು' ಅಂತ ಕೇಳ್ತಾಳೆ. ಮೀಸೆ ಇರೋಳು ಅಂದೆ.

ಕೊಡಲಿಗೆ ಎಣ್ಣೆ ಹಚ್ಚಿದೀನಿ. ಹಿಡಿ ಸ್ವಲ್ಪ ಬಿರುಕು ಬಿಟ್ಟಿತ್ತು, ಹೊಸದು ಹಾಕಿದೆ. ನಿನ್ನ ಕೋಳಿಗಳನ್ನ ಪಕ್ಕದ ಮನೆಯವಳು ನೋಡ್ಕೋತಿದಾಳೆ, ಮೊಟ್ಟೆಗಳನ್ನೂ ಅವಳೇ ನೋಡ್ಕೋತಿದಾಳೆ. ಜುಲೈನಿಂದ ನನ್ನ ಜೊತೆ ಎರ್ಕುಲಾನೊ ಅಂತ ಒಬ್ಬನನ್ನ ಹಾಕಿದ ಮೇಸ್ತ್ರಿ ತೊಮೆ. ಬಾಯಿ ನಿಲ್ಲಲ್ಲ ಅವನದು, ಕೈ ಓಡಲ್ಲ. ನೀನು ಬಂದರೆ ಅವನು ಹೋಗ್ತಾನೆ.

ಕಾಫಿ ಅಂಗಡಿ ಮಾತಿಗೆಲ್ಲ ಕಿವಿ ಕೊಡಬೇಡ. ತಮಾಷೆಗೆ ಅಂದಿದ್ದು. ಆ ದಿನದ ವಿಷಯ ಈಗ್ಯಾಕೆ. ಆದದ್ದು ಆಯ್ತು. ತಪ್ಪು ನಂದು ತಪ್ಪು ನಂದು ಅಂತ ಎಲ್ಲರ ಹತ್ತಿರ ಹೇಳ್ಕೊಂಡು ತಿರುಗಬೇಡ, ಯಾರಾದರೂ ಕೇಳಿದರಾ ನಿನ್ನ?

ಗಂಜಿ ಕುಡಿ, ಮಲಗು.

ಅಡೆಲೀನೊ


ಸೆತೂಬಲ್,
14 ಜನವರಿ 2024

ಅಡೆಲೀನೊ,

ಕ್ರಿಸ್‌ಮಸ್‌ಗೆ ನಿನ್ನಿಂದ ಒಂದು ಸಾಲೂ ಬರಲಿಲ್ಲ. ಇರಲಿ.

ಇಲ್ಲಿ ಒಬ್ಬಳು ಹೊಸ ಡಾಕ್ಟರಮ್ಮ ಸಿಕ್ಕಿದಾಳೆ, ನೊಯೇಮಿಯ ಅಂತ. ನನ್ನ ಅಕ್ಕನ ಮಗಳ ವಯಸ್ಸು. ಕೋಣೆ ನೋಡಿದವಳೇ ಕಿಟಕಿಯ ಕಂಬಳಿ ಕಿತ್ತು ಜುಲ್ಮೀರಳ ಕೈಗೆ ಕೊಟ್ಟಳು. 'ಅಜ್ಜ, ನಿಮ್ಮದು ಎರಡು ತಪ್ಪು. ಮೊದಲು ಏಟು ಬಿದ್ದ ಒಂಬತ್ತನೇ ದಿನಕ್ಕೇ ಮರ ಹತ್ತಿದ್ರಿ, ಅದು ಒಂದು. ಆಮೇಲೆ ಆರು ತಿಂಗಳು ಕತ್ತಲಲ್ಲಿ ಮಲಗಿದ್ರಿ, ಅದು ಎರಡು' ಅಂದಳು. ನನ್ನನ್ನ ಅಜ್ಜ ಅಂದಳು ಕಣೋ. ಬೈಯೋಣ ಅಂದುಕೊಂಡೆ, ನಾಲಿಗೆಗೆ ಮಾತು ಸಿಗಲಿಲ್ಲ. ಈಗ ಹಾಗಾಗುತ್ತೆ, ಮಾತು ಬಾಗಿಲ ತನಕ ಬಂದು ವಾಪಸ್ ಹೋಗುತ್ತೆ.

ಒಂಬತ್ತನೇ ದಿನ ನೆನಪಿದೆಯಾ? ನೀನೇ ಬೆಳಿಗ್ಗೆ ವ್ಯಾನ್ ತಂದು ಹಾರ್ನ್ ಹೊಡೆದೆ. ಜುಲ್ಮೀರ ಫೋನಿನಲ್ಲಿ ಬೇಡ ಬೇಡ ಅಂತಿದ್ದಳು, ನಾನು ಬಾಗಿಲು ಹಾಕ್ಕೊಂಡು ಬಂದೆ. ನೀನು ಕರೆದ ಮೇಲೆ ಬರದೇ ಇರೋದು ಹೇಗೆ. ಮೂರನೇ ಮರದ ಹತ್ತಿರ ವಾಂತಿ ಮಾಡ್ಕೊಂಡು ಬಿದ್ದೆ. ಎರಡನೇ ಏಟು ಅದು ಅಂತಾಳೆ ಇವಳು. ತಲೆ ಒಳಗೆ ಇನ್ನೂ ಹಸಿ ಇದ್ದಾಗ ಬಿಸಿಲು, ಏಣಿ, ಗದ್ದಲ ಎಲ್ಲ ಒಟ್ಟಿಗೆ ಕೊಟ್ಟರೆ ವಾಸಿ ಆಗೋದು ತಿಂಗಳುಗಟ್ಟಲೆ ಹಿಂದಕ್ಕೆ ಹೋಗುತ್ತಂತೆ.

ಈಗ ಒಂದು ಪುಸ್ತಕ ಕೊಟ್ಟಿದಾಳೆ. ದಿನಾ ಬೆಳಿಗ್ಗೆ ಸಂಜೆ ತಲೆನೋವಿಗೆ ಸೊನ್ನೆಯಿಂದ ಹತ್ತರ ತನಕ ಒಂದು ಅಂಕಿ ಬರೀಬೇಕು. ಹದಿನೈದು ನಿಮಿಷ ನಡೀಬೇಕು. ಎರಡು ಅಂಕಿ ಏರಿದರೆ ನಿಲ್ಲಿಸಬೇಕು, ನಾಚಿಕೆ ಬಿಟ್ಟು ಅಲ್ಲೇ ಕೂತ್ಕೋಬೇಕು, ಮಾರನೇ ದಿನ ಮತ್ತೆ ಅಷ್ಟೇ ದೂರ. ಒಂದು ವಾರ ಸರಿ ಹೋದರೆ ಐದು ನಿಮಿಷ ಜಾಸ್ತಿ. ಒಂಟಿ ಕಾಲಲ್ಲಿ ನಿಲ್ಲಬೇಕು, ಗೋಡೆ ಹಿಡ್ಕೊಂಡು. ಹದಿನೈದು ಅಡಿ ಮೇಲೆ ಕವಲಿನಲ್ಲಿ ಸಿಗರೇಟ್ ಹಚ್ಚೋ ಹಾಗೆ ನಿಲ್ತಿದ್ದವನು ನಾನು, ಈಗ ಅಡುಗೆಮನೇಲಿ ಒಂಟಿ ಕಾಲಲ್ಲಿ ನಾಲ್ಕು ಎಣಿಸೋಷ್ಟರಲ್ಲಿ ಬೀಳ್ತೀನಿ.

ನಾಚಿಕೆ ಬಿಟ್ಟು ಕೂತ್ಕೋ ಅನ್ನೋದು ಅವಳಿಗೆ ಸುಲಭ. ಹೋದ ಶನಿವಾರ ಮೀನು ಮಾರ್ಕೆಟ್ಟಿಗೆ ಜುಲ್ಮೀರ ಜೊತೆ ಹೋಗಿದ್ದೆ. ಟ್ಯೂಬ್‌ಲೈಟು, ಐಸು ಕುಟ್ಟೋ ಸದ್ದು, ಹೆಂಗಸರ ಕೂಗು. ಒಮ್ಮೆಗೇ ನೆಲ ಓರೆ ಆಯ್ತು. ಸಾರ್ಡೀನ್ ಡಬ್ಬಗಳ ನಡುವೆ ನೀರಿನಲ್ಲಿ ಕೂತುಬಿಟ್ಟೆ. ಒಬ್ಬ ಹೋಗ್ತಾ ಹೋಗ್ತಾ ಅಂದ, 'ಬೆಳಿಗ್ಗೆ ಹತ್ತು ಗಂಟೆಗೇ ಏರಿಸಿದಾನೆ ನೋಡು.' ತಂಗಿ ಕೈ ಹಿಡ್ಕೊಂಡು ಹೊರಗೆ ಕರ್ಕೊಂಡು ಬಂದಳು, ಕುರುಡನ್ನ ಕರ್ಕೊಂಡು ಬರೋ ಹಾಗೆ. ಪ್ಯಾಂಟೆಲ್ಲ ಮೀನಿನ ನೀರು. ಬಸ್ಸಿನಲ್ಲಿ ಯಾರೂ ಪಕ್ಕ ಕೂರಲಿಲ್ಲ. ಅವತ್ತು ಪುಸ್ತಕದಲ್ಲಿ ಎರಡು ಅಂತ ಬರೆದೆ. ಎಂಟಿತ್ತು.

ಇದನ್ನ ಯಾರಿಗೂ ಓದಿ ಹೇಳಬೇಡ.

ಕುಸ್ತೋದಿಯೊ


ವಾಲೆ ಫುಂದೊ,
3 ಮಾರ್ಚ್ 2024

ಕುಸ್ತೋದಿಯೊ,

ನಿನ್ನ ಕಾಗದ ಯಾರಿಗೂ ಓದಿಲ್ಲ. ಒಲೆಗೆ ಹಾಕಿದೆ. ಬೇಜಾರಾಗಬೇಡ, ಮನೇಲಿ ಇಟ್ಕೊಳ್ಳೋಕೆ ಆಗಲಿಲ್ಲ.

ತೊಮೆ ಜೋಡಿಗಳ ಪಟ್ಟಿ ಮಾಡ್ತಿದಾನೆ. ಈ ಸಲ ನದಿ ಪಕ್ಕದ ದೊಡ್ಡ ಜಮೀನು, ಎರಡು ಸಾವಿರದ ಹದಿನೈದರಲ್ಲಿ ಸುಲಿದ ಮರಗಳು. ನೀನು ಬರ್ತೀಯಾ ಇಲ್ವಾ ಅಂತ ಕೇಳ್ದ. ವಿಮೆ ಡಾಕ್ಟರ ಕಾಗದ ಇಲ್ಲದೆ ಒಳಗೆ ಬಿಡಲ್ಲ ಅಂದ.

ಬರಬೇಕು ಅಂತ ಏನಿಲ್ಲ. ಒಂದು ವರ್ಷ ಬಿಟ್ಟರೆ ಮರಗಳೇನು ಓಡಿಹೋಗಲ್ಲ.

ಅಡೆಲೀನೊ


ಸೆತೂಬಲ್,
22 ಏಪ್ರಿಲ್ 2024

ಅಡೆಲೀನೊ,

ಕಾಗದ ಸಿಕ್ತು. 'ಕೆಲಸಕ್ಕೆ ಯೋಗ್ಯ' ಅಂತ ಸೀಲು ಹೊಡೆದು ಕೊಟ್ಟರು.

ನಿನಗೊಬ್ಬನಿಗೆ ಹೇಳ್ತೀನಿ. ವಿಮೆ ಡಾಕ್ಟರು ತಲೆನೋವು ಎಷ್ಟು ಅಂತ ಕೇಳ್ದ, ಸೊನ್ನೆ ಅಂದೆ. ಬೆಳಕು ತೊಂದರೆ ಕೊಡುತ್ತಾ, ಇಲ್ಲ. ಸದ್ದು? ಇಲ್ಲ. ಅವನ ಮೇಜಿನ ಮೇಲಿನ ದೀಪ ನನ್ನ ಕಣ್ಣಿಗೆ ಚುಚ್ಚುತಿತ್ತು, ನಗ್ತಾ ಕೂತಿದ್ದೆ. ಐದು ನಿಮಿಷದಲ್ಲಿ ಮುಗೀತು. ಹೊರಗೆ ಬಂದು ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತೆ.

ನೊಯೇಮಿಯಗೆ ಗೊತ್ತಿಲ್ಲ. ಅವಳ ಲೆಕ್ಕಾಚಾರ ಬೇರೆ. ಸೆಪ್ಟೆಂಬರಿನಿಂದ ಶುರು, ದಿನಕ್ಕೆ ಎರಡು ಗಂಟೆ, ನೆರಳಲ್ಲಿ, ಕೊಡಲಿ ಇಲ್ಲ, ಏಣಿ ಇಲ್ಲ, ಪ್ರತಿ ವಾರ ಸ್ವಲ್ಪ ಸ್ವಲ್ಪ. ವಾಸಿ ಆಗ್ತಿದೀರಿ, ಆದರೆ ನಿಧಾನಕ್ಕೆ, ನಡುವೆ ಕೈ ಹಾಕಬೇಡಿ ಅಂದಿದ್ದಳು. ಒಳ್ಳೆ ಹುಡುಗಿ. ಅವಳಿಗೆ ಮುಖ ತೋರಿಸೋ ಯೋಗ್ಯತೆ ಇಲ್ಲ ನನಗೆ, ಹೋದ ಗುರುವಾರ ಅವಳ ಹತ್ತಿರ ಹೋಗಲೇ ಇಲ್ಲ.

ನೀನೇ ಹೇಳು, ಸೆಪ್ಟೆಂಬರಿಗೆ ಬಂದು ಏನು ಮಾಡಲಿ. ಆಗಸ್ಟಿಗೆ ಸುಲಿಯೋದು ಮುಗಿದಿರುತ್ತೆ. ಇನ್ನೊಂದು ವರ್ಷ ಊರಿನವರ ಬಾಯಿಗೆ ಬೀಳಲಾ. ಈ ವರ್ಷ ಬರದೇ ಹೋದರೆ ನಾನು ಸೋಮಾರಿ ಅನ್ನೋದು ಗೋಡೆ ಮೇಲೆ ಬರೆದ ಹಾಗೆ. ಬರ್ತೀನಿ. ಮೇ ಇಪ್ಪತ್ತಕ್ಕೆ ಊರಿನಲ್ಲಿರ್ತೀನಿ.

ಕುಸ್ತೋದಿಯೊ


ವಾಲೆ ಫುಂದೊ,
9 ಜೂನ್ 2024

ಕುಸ್ತೋದಿಯೊ,

ನಾಲ್ಕು ಮನೆ ಆಚೆ ಇರೋನಿಗೆ ಸ್ಟ್ಯಾಂಪ್ ಹಚ್ಚಿ ಕಾಗದ ಹಾಕೋನು ಈ ಊರಲ್ಲಿ ನಾನೊಬ್ಬನೇ ಇರಬೇಕು. ಗ್ರಸಿಂಡ ಹಣೆ ಹಣೆ ಚಚ್ಕೋತಾಳೆ. ನೀನು ಬಂದು ಮೂರು ವಾರ ಆಯ್ತು, ಒಂದೇ ವ್ಯಾನಿನಲ್ಲಿ ಹೋಗಿ ಬರ್ತೀವಿ, 'ನಮಸ್ಕಾರ' ಬಿಟ್ಟರೆ ನಾವಿಬ್ಬರೂ ಬಾಯಿ ಬಿಟ್ಟಿಲ್ಲ. ಎದುರಿಗೆ ಹೇಳೋಕೆ ನನ್ನಿಂದ ಆಗಲ್ಲ. ಅದಕ್ಕೇ ಇದು.

ತೊಮೆ ನಿನ್ನ ನಡಿಗೆ ನೋಡಿದ ಕೂಡಲೇ ಕೊಡಲಿ ಬೇಡ ಅಂದು ಬಣ್ಣದ ಡಬ್ಬ ಕೊಟ್ಟನಲ್ಲ, ನಿನಗೆ ಅವಮಾನ ಆಯ್ತು ಅಂತ ನೋಡಿದೆ. ನಾನೂ ಅವತ್ತು ಬೇರೆ ಕಡೆ ಮುಖ ಮಾಡಿದೆ. ಸುಲಿದ ಮರದ ಮೇಲೆ ಆ ವರ್ಷದ ಕೊನೇ ಅಂಕಿ ಬರೆಯೋದು ಮುದುಕರ ಕೆಲಸ ಅಂತ ನಾವೇ ಎಷ್ಟು ಸಲ ನಕ್ಕಿದೀವಿ.

ವಿಷಯ ಇಷ್ಟು. ಗುರುವಾರ ನನ್ನ ನೀರಿನ ಮಡಕೆ ಬಿಟ್ಟುಬಂದಿದ್ದೆ, ತರೋಕೆ ಹಿಂದಕ್ಕೆ ಹೋದೆ, ಗುಡ್ಡದ ಕೆಳಗಿನ ಇಳಿಜಾರಿಗೆ. ಬುಧವಾರ ಊಟ ಆದ ಮೇಲೆ ಸುಲಿದ ಮರಗಳು ಅವು. ಎಲ್ಲದರ ಮೇಲೂ ಮೂರು ಅಂತ ಬರೆದಿದೀಯ. ಮೂರು. ಇದು ಇಪ್ಪತ್ನಾಲ್ಕನೇ ಇಸವಿ ಕಣಯ್ಯ. ನಾಲ್ಕು ಬರೀಬೇಕಿತ್ತು. ಬೆಳಿಗ್ಗೆ ಬರೆದವೆಲ್ಲ ಸರಿ ಇವೆ. ಊಟದ ಮೇಲೆ ನಿನ್ನ ತಲೆ ಹೋದ ವರ್ಷಕ್ಕೆ ಹೋಗಿಬಿಟ್ಟಿದೆ.

ಎಣಿಸಿದೆ. ಎಂಬತ್ತಾರು ಮರ.

ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಮೂರು ನೋಡಿದವರು ಮೂವತ್ತೆರಡರಲ್ಲಿ ಬಂದು ಕೊಡಲಿ ಹಾಕ್ತಾರೆ. ಒಂಬತ್ತು ತುಂಬಿರಲ್ಲ, ಎಂಟೇ ವರ್ಷ. ತೊಗಟೆ ಬಿಡಲ್ಲ, ಒಳಗಿನ ಚರ್ಮ ಕಿತ್ಕೊಂಡು ಬರುತ್ತೆ. ಆಗ ಮರ ಸಾಯುತ್ತೆ, ಇಲ್ಲಾ ಜನ್ಮಪೂರ್ತಿ ಗಾಯ ಹೊತ್ಕೊಂಡಿರುತ್ತೆ. ನಮ್ಮಪ್ಪ, ನಿಮ್ಮಪ್ಪ ಸುಲಿದ ಮರಗಳು ಅವು. ಇಪ್ಪತ್ತೆಂಟನೇ ತಾರೀಖು ತೊಮೆ ಸುಲಿದ ಮರಗಳ ಪಟ್ಟಿ ಬರೆದು ಯಜಮಾನರಿಗೆ ಕೊಡ್ತಾನೆ. ಮರ ಮರ ನೋಡಿ ಬರೆಯಲ್ಲ ಅವನು, ಒಟ್ಟು ಬರೀತಾನೆ. ಹೇಳೋದಿದ್ದರೆ ಅದಕ್ಕೆ ಮುಂಚೆ.

ಯಾರಿಗೂ ಹೇಳಿಲ್ಲ ನಾನು.

ಅಡೆಲೀನೊ


ವಾಲೆ ಫುಂದೊ,
11 ಜೂನ್ 2024

ಅಡೆಲೀನೊ,

ನಿನ್ನೆ ರಜಾ ಇತ್ತಲ್ಲ, ಒಬ್ಬನೇ ನಡ್ಕೊಂಡು ಹೋಗಿ ನೋಡಿ ಬಂದೆ. ನೀನು ಹೇಳಿದ್ದು ನಿಜ. ನನ್ನ ಕೈಬರಹವೇ. ಒಂದೊಂದು ಮೂರೂ ಎಷ್ಟು ದುಂಡಗೆ, ಎಷ್ಟು ಅಚ್ಚುಕಟ್ಟಾಗಿ ಬರೆದಿದೀನಿ ಅಂತೀಯ. ಒಂದರಲ್ಲಾದರೂ ಕೈ ನಡುಗಿದ್ದರೆ. ಬರೀವಾಗ ಒಂದು ಚೂರೂ ಅನುಮಾನ ಇರಲಿಲ್ಲ ನನಗೆ, ಅದೇ ಹೆದರಿಕೆ.

ನಿನ್ನ ಹತ್ತಿರ ಇಷ್ಟು ವರ್ಷದಲ್ಲಿ ಏನೂ ಬೇಡಿಲ್ಲ. ಈಗ ಬೇಡ್ತೀನಿ. ತೊಮೆಗೆ ಹೇಳಬೇಡ. ಹಸಿ ಮರ ಕೆರೆದು ಅಳಿಸೋ ಹಾಗಿಲ್ಲ, ಗೊತ್ತು. ಭಾನುವಾರ ನೀನು ಡಬ್ಬ ತಗೊಂಡು ಹೋಗಿ ಮೂರರ ಮೇಲೆ ಬಿಳಿ ಬಳಿದುಬಿಡು, ಮರದ ಆ ಕಡೆ ನಾಲ್ಕು ಬರಿ. ಯಾರು ಕೇಳ್ತಾರೆ. ಕೇಳಿದರೂ ಡಬ್ಬ ಚೆಲ್ಲಿತು ಅನ್ನು. ನನಗೆ ಬಿಸಿಲಲ್ಲಿ ಎಂಬತ್ತಾರು ಮರ ಆಗಲ್ಲ, ನಿನ್ನೆ ನೋಡ್ಕೊಂಡು ಬಂದದ್ದಕ್ಕೇ ಸಂಜೆ ತನಕ ಗೋಡೆ ಹಿಡ್ಕೊಂಡಿದ್ದೆ.

ತೊಮೆಗೆ ಗೊತ್ತಾದರೆ ಡಾಕ್ಟರ ಕಾಗದ ಸುಳ್ಳು ಅನ್ನೋದೂ ಗೊತ್ತಾಗುತ್ತೆ. ಆಮೇಲೆ ನನ್ನನ್ನ ಯಾರೂ ಯಾವ ಮರದ ಹತ್ತಿರಾನೂ ಬಿಡಲ್ಲ. ಕೂಗು ಕೇಳಿಸದ ಕಿವುಡ, ಅಂಕಿ ಗೊತ್ತಿಲ್ಲದ ದಡ್ಡ. ಎರಡನ್ನೂ ಹೊತ್ಕೊಂಡು ಈ ಬೀದೀಲಿ ನಡಿಯೋಕಾಗಲ್ಲ ಕಣೋ ನನಗೆ. ಒಂದನ್ನಾದರೂ ಮುಚ್ಚು.

ಕುಸ್ತೋದಿಯೊ


ವಾಲೆ ಫುಂದೊ,
16 ಜೂನ್ 2024

ಕುಸ್ತೋದಿಯೊ,

ಭಾನುವಾರ ಹೋಗಿದ್ದೆ. ಇವತ್ತೇ. ಡಬ್ಬ, ಬ್ರಷ್ಷು ಎಲ್ಲ ತಗೊಂಡು ಮೊದಲನೇ ಮರದ ಮುಂದೆ ನಿಂತೆ. ಬ್ರಷ್ಷು ಅದ್ದಿದೆ. ಬಣ್ಣ ತೊಟ್ಟಿಕ್ಕಿ ಬೂಟಿನ ಮೇಲೆ ಬಿತ್ತು, ಮರಕ್ಕೆ ಹಾಕೋಕೆ ಆಗಲಿಲ್ಲ. ವಾಪಸ್ ಬಂದೆ.

ನಿನಗೆ ಸಂಬಂಧಿಸಿದ್ದು ಒಂದನ್ನ ನಾನು ಈಗಾಗಲೇ ಮುಚ್ಚಿದೀನಿ. ಇನ್ನೊಂದನ್ನ ಮುಚ್ಚೋಕೆ ಕೈ ಏಳಲಿಲ್ಲ.

ನಾನು ಕೂಗಲಿಲ್ಲ.

ಹೋದ ವರ್ಷ ಜೂನ್ ಹತ್ತೊಂಬತ್ತು. ನಾನು ಕವಲಿನಲ್ಲಿದ್ದೆ, ಬಾಯಲ್ಲಿ ಸಿಗರೇಟ್ ಇತ್ತು. ಜೂನ್ ತಿಂಗಳಲ್ಲಿ, ಒಣ ಹುಲ್ಲಿನ ಮೇಲೆ, ಬೆಂಕಿ ಕಡ್ಡಿ ಜೇಬಲ್ಲಿ ಇದ್ದರೇ ಮನೆಗೆ ಕಳಿಸ್ತಾರೆ, ಗೊತ್ತಲ್ಲ. ಎಲೆ ಮರೇಲಿ ಯಾರಿಗೂ ಕಾಣಲ್ಲ ಅಂತ ಸೇದ್ತಿದ್ದೆ. ಎರಡೂ ಕೈಯಲ್ಲಿ ಹಲಗೆ, ಬಾಯಲ್ಲಿ ಸಿಗರೇಟು. ಬಾಯಿ ತೆಗೆದರೆ ಕಿಡಿ ಹುಲ್ಲಿಗೆ ಬೀಳುತ್ತೆ. ಕೆಳಗೆ ನೋಡಿದೆ, ನೀನು ಕಾಣಲಿಲ್ಲ, ಪಕ್ಕಕ್ಕೆ ಹೋಗಿದೀಯ ಅಂದುಕೊಂಡೆ. ಬಿಟ್ಟೆ. ಸದ್ದು ಕೇಳಿಸಿತು. ಹಲಗೆ ನೆಲಕ್ಕೆ ಬಿದ್ದಾಗ ಬರೋ ಸದ್ದಲ್ಲ ಅದು. ಸಿಗರೇಟನ್ನ ಅಂಗೈಯಲ್ಲಿ ಹೊಸಕಿ ಹಾಕಿದೆ, ಆಮೇಲೆ ಕೂಗಿದೆ. 'ಬಂತು' ಅಂತ. ಹಲಗೆ ಬಿದ್ದ ಮೇಲೆ, ಕುಸ್ತೋದಿಯೊ. ಎಲ್ಲರೂ ಕೇಳಿಸ್ಕೊಂಡದ್ದು ಅದನ್ನ.

ನೀನು ಕಿವುಡ ಅಲ್ಲ. ಕೇಳಿಸ್ಕೊಳ್ಳೋಕೆ ಏನೂ ಇರಲಿಲ್ಲ ಅಲ್ಲಿ.

ನೀನು ಎಲ್ಲರ ಹತ್ತಿರ ತಪ್ಪು ನಂದು ಅಂತ ಹೇಳ್ಕೊಂಡು ತಿರುಗಿದೆ, ನಾನು ಪಕ್ಕದಲ್ಲಿ ನಿಂತು ಕಾಫಿ ಕುಡಿದೆ. ಒಂಬತ್ತನೇ ದಿನ ವ್ಯಾನ್ ತಂದು ಹಾರ್ನ್ ಹೊಡೆದೆ ಅಂದೆಯಲ್ಲ. ನೀನು ಎದ್ದು ಕೆಲಸಕ್ಕೆ ಬಂದರೆ ಏನೂ ಆಗಿಲ್ಲ ಅಂತ ಆಗ್ತಿತ್ತು, ಅದಕ್ಕೆ. ನಿನಗೆ ಎರಡನೇ ಏಟು ಹಾಕಿದ್ದೂ ನಾನೇ. ಆಮೇಲೆ ನೀನು ಏಳಲೇ ಇಲ್ಲ, ಆಗ ನೀನು ನಾಟಕ ಆಡ್ತಿದೀಯ ಅಂತ ಅಂದೆ. ಅದನ್ನ ನಂಬೋಕೆ ಎಷ್ಟು ಕಷ್ಟಪಟ್ಟೆ ಅಂತ ನಿನಗೆ ಗೊತ್ತಿಲ್ಲ. ಜನವರಿ ಕಾಗದ ಬಂದ ಮೇಲೆ ಅದೂ ಆಗಲಿಲ್ಲ.

ಅಂಗೈಯಲ್ಲಿ ಸುಟ್ಟ ಕಲೆ ಇನ್ನೂ ಇದೆ. ಕೊಡಲಿ ಹಿಡಿ ಉಜ್ಜಿದ್ದು ಅಂತ ಹೆಂಡತಿಗೆ ಹೇಳಿದೀನಿ.

ಕ್ಷಮಿಸು ಅಂತ ಬರೀಬೇಕು. ಬರೆದು ಎರಡು ಸಲ ಹೊಡೆದುಹಾಕಿದೆ, ಆ ಮಾತು ಬರೆಯೋಕೂ ಮುಖ ಇಲ್ಲ ನನಗೆ.

ಅಡೆಲೀನೊ


ವಾಲೆ ಫುಂದೊ,
19 ಜೂನ್ 2024

ಅಡೆಲೀನೊ,

ನಿನ್ನ ಕಾಗದ ಬಂತು. ಸದ್ಯಕ್ಕೆ ನನಗೆ ಬರೀಬೇಡ. ವ್ಯಾನಿನಲ್ಲಿ ನನ್ನ ಪಕ್ಕ ಕೂರಬೇಡ.

ಕುಸ್ತೋದಿಯೊ


ವಾಲೆ ಫುಂದೊ,
30 ಜೂನ್ 2024

ಅಡೆಲೀನೊ,

ಹತ್ತು ದಿನ ನಿನ್ನನ್ನ ಬೈದೆ. ಮನಸ್ಸಿನಲ್ಲೇ, ಜೋರಾಗಿ ಬೈದರೆ ನನಗೇ ತಲೆ ಸಿಡಿಯುತ್ತೆ. ನಿನ್ನ ಹೊಡಿಯೋಕೂ ಆಗಲ್ಲ, ಕೈ ಎತ್ತಿದರೆ ಬೀಳ್ತೀನಿ. ಒಂದು ವರ್ಷ ಕಣೋ. ಒಂದು ವರ್ಷ ದಿನಾ ರಾತ್ರಿ ಮಲಗಿದಲ್ಲೇ ಆ ಕೂಗು ಕೇಳಿಸ್ಕೊಳ್ಳೋಕೆ ಪ್ರಯತ್ನ ಪಟ್ಟೆ. ಅಡೆಲೀನೊ ಕೂಗಿದಾನೆ, ನಿನಗೆ ಯಾಕೆ ಕೇಳಿಸಲಿಲ್ಲ, ನಿನ್ನ ಕಿವೀಲಿ ಏನಿತ್ತು ಅಂತ ನನ್ನನ್ನೇ ಕೇಳ್ಕೊಂಡೆ. ಕೊನೆಕೊನೆಗೆ ಕೇಳಿಸೋಕೂ ಶುರುವಾಗಿತ್ತು. ನಿನ್ನ ದನಿಯಲ್ಲೇ.

ಇದೆಲ್ಲ ಬಿಟ್ಟು ನನ್ನ ಎಂಬತ್ತಾರು ಮರದ್ದು ಹೇಳ್ತೀನಿ. ಶುಕ್ರವಾರ ನೀನು ಹಲ್ಲು ನೋವು ಅಂತ ಬಂದಿರಲಿಲ್ಲವಲ್ಲ. ಒಳ್ಳೇದೇ ಆಯ್ತು, ನಿನ್ನ ಮುಂದೆ ಆಗ್ತಿರಲಿಲ್ಲ ನನಗೆ. ಹತ್ತು ಗಂಟೆ ಊಟಕ್ಕೆ ಎಲ್ಲ ಮರದ ಕೆಳಗೆ ಕೂತಿದ್ದರು. ತೊಮೆ ಪಟ್ಟಿ ತೆಗೆದ. ನಾನು ಎದ್ದು ನಿಂತೆ. ಏನಾದರೂ ಒಂದು ಹೇಳಬೇಕು ಅಂತ ತಲೇಲಿ ಜೋಡಿಸ್ಕೊಂಡು ಬಂದಿದ್ದೆ, ಎಲ್ಲ ಹೋಯ್ತು. 'ಮೂರು ಬರೆದಿದೀನಿ. ಎಂಬತ್ತಾರು. ಡಾಕ್ಟರಿಗೂ ಸುಳ್ಳು ಹೇಳಿದೀನಿ' ಅಂದೆ. ಅಷ್ಟೇ ಬಂದದ್ದು. ಕೂತ್ಕೊಂಡೆ.

ಎರ್ಕುಲಾನೊ ಕೂಡ ಬಾಯಿ ಮುಚ್ಚಿಕೊಂಡಿದ್ದ, ನೋಡು ಮತ್ತೆ. ತೊಮೆ ಚೀಸು ಹೆಚ್ಚುತಿದ್ದವನು ಚಾಕು ಕೆಳಗಿಟ್ಟ. 'ನಿನ್ನ ತಲೆ ಸರಿ ಇಲ್ಲ ಅಂತ ಕಣ್ಣಿದ್ದವರಿಗೆಲ್ಲ ಕಾಣುತ್ತೆ ಕುಸ್ತೋದಿಯೊ. ನಿನಗೆ ಡಬ್ಬ ಕೊಟ್ಟು ಬಿಸಿಲಿಗೆ ಬಿಟ್ಟವನು ನಾನು, ನನಗೆ ಬುದ್ಧಿ ಇರಲಿಲ್ಲ' ಅಂದ. ಬೈದಿದ್ದರೆ ಸುಲಭ ಆಗ್ತಿತ್ತು. ಆಮೇಲೆ ಅಂದ, ಮೂರರ ಮೇಲೆ ಬಿಳಿ ಬಳಿಯೋ ಹಾಗಿಲ್ಲ, ಬಿಳಿ ಮಚ್ಚೆ ನೋಡಿದವನು ಒಂಬತ್ತು ವರ್ಷ ಆದಮೇಲೆ ಏನು ಅಂತ ತಿಳ್ಕೋಬೇಕು. ಮೂರಕ್ಕೆ ಅಡ್ಡ ಗೆರೆ ಎಳಿ, ಪಕ್ಕದಲ್ಲಿ ನಾಲ್ಕು ಬರಿ, ಎಲ್ಲರಿಗೂ ಕಾಣೋ ಹಾಗೆ.

ಹಾಗೇ ಮಾಡ್ತಿದೀನಿ. ದಿನಕ್ಕೆ ಹನ್ನೆರಡು ಮರ, ಬೆಳಿಗ್ಗೆ ತಂಪಿನಲ್ಲಿ, ಟೋಪಿ, ಕಪ್ಪು ಕನ್ನಡಕ. ಆರು ಮರ, ಕೂತ್ಕೊಳ್ಳೋದು, ಆರು ಮರ, ಮನೆಗೆ. ನೊಯೇಮಿಯಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ, ಎರಡು ಅಂತ ಬರೆದ ಎಂಟನ್ನೂ. ಪೂರ್ತಿ ಕೇಳಿಸ್ಕೊಂಡಳು. ಆಮೇಲೆ 'ಅಜ್ಜ, ಪುಸ್ತಕದ ಹೊಸ ಹಾಳೆಯಿಂದ ಶುರು ಮಾಡಿ' ಅಂದಳು. ಇವತ್ತು ಐದು ಅಂತ ಬರೆದೆ. ಐದೇ ಇತ್ತು.

ಈಗ ನಿನ್ನ ಮಾತು. ನನ್ನ ತಪ್ಪು ಆ ಇಳಿಜಾರಿನಲ್ಲಿ ಒಂಬತ್ತು ವರ್ಷ ನಿಂತಿರುತ್ತೆ, ದಾರೀಲಿ ಹೋಗೋ ಕುರಿ ಕಾಯೋನೂ ಓದ್ತಾನೆ. ನಿನ್ನದು ನನ್ನ ಮೇಜಿನ ಡ್ರಾಯರಿನಲ್ಲಿದೆ, ಒಂದು ಕಾಗದದಲ್ಲಿ. ಅದು ನ್ಯಾಯ ಅಲ್ಲ. ಕ್ಷಮಿಸೋದು ಗಿಮಿಸೋದು ಆಮೇಲೆ ನೋಡೋಣ. ನೀನು ಅದನ್ನ ಬಾಯಿ ಬಿಟ್ಟು ಹೇಳಬೇಕು, ಅದೇ ಮರದ ಕೆಳಗೆ, ಅದೇ ಜನರ ಮುಂದೆ. ಸಿಗರೇಟಿಂದೂ ಸೇರಿಸಿ.

ಕುಸ್ತೋದಿಯೊ


ವಾಲೆ ಫುಂದೊ,
7 ಜುಲೈ 2024

ಕುಸ್ತೋದಿಯೊ,

ಹೇಳಿದೆ. ನೀನು ಅಷ್ಟು ಹೊತ್ತಿಗೆ ಮನೆಗೆ ಹೋಗಿದ್ದೆ.

ಸೋಮವಾರ ಹೇಳಬೇಕು ಅಂತ ಇದ್ದೆ, ಮಂಗಳವಾರ ಆಯ್ತು, ಬುಧವಾರ ಆಯ್ತು. ಶುಕ್ರವಾರ ತೊಮೆ ಕಲ್ಲಂಗಡಿ ಕೊಯ್ದ, ಎಲ್ಲರ ಬಾಯಲ್ಲೂ ಹಣ್ಣಿತ್ತು, ಯಾರೂ ತಕ್ಷಣ ಮಾತಾಡೋಕೆ ಆಗಲ್ಲ ಅಂತ ಆಗ ಹೇಳಿದೆ. ಸಿಗರೇಟಿಂದೂ ಹೇಳಿದೆ. ಅಂಗೈ ತೋರಿಸಿದೆ.

ಎಲ್ಲರೂ ಬೀಜ ಉಗಿದರು. ಎರ್ಕುಲಾನೊ ತಟ್ಟೆ ಎತ್ಕೊಂಡು ಹೋಗಿ ಬೇರೆ ಮರದ ಕೆಳಗೆ ಕೂತ. ತೊಮೆ ನನ್ನನ್ನ ಹದಿನೈದು ದಿನ ಕೆಲಸದಿಂದ ನಿಲ್ಲಿಸಿದಾನೆ, ಬೆಂಕಿ ವಿಷಯಕ್ಕೆ. ನಿನ್ನ ವಿಷಯಕ್ಕೆ ಏನು ಮಾಡಬೇಕು ಅಂತ ಅವನಿಗೇ ಗೊತ್ತಾಗಲಿಲ್ಲ. 'ಅವನ ಜೊತೆ ನೀನೇ ಬಗೆಹರಿಸ್ಕೋ' ಅಂದ. ವಿಮೆಯವರಿಗೂ ಬರೆದು ಕೊಡ್ತೀನಿ ಅಂದೆ, ಬರೆದು ಕೊಟ್ಟೆ. ಸಂಜೆ ಕಾಫಿ ಅಂಗಡೀಲಿ ನನ್ನ ಕುರ್ಚಿ ಖಾಲಿ ಇತ್ತು, ಅದರ ಆಚೆ ಈಚೆ ಕುರ್ಚಿಗಳೂ ಖಾಲಿ ಇದ್ದವು. ನೀನು ವರ್ಷ ಪೂರ್ತಿ ಹೇಗಿದ್ದೆ ಅಂತ ಅರ್ಧ ಗಂಟೇಲಿ ಗೊತ್ತಾಯ್ತು. ಕಾಫಿ ಬಿಟ್ಟು ಎದ್ದು ಬಂದೆ.

ದಾರೀಲಿ ಇಳಿಜಾರಿನ ಕಡೆ ಹೋದೆ. ನಲವತ್ತೆಂಟು ಆಗಿದೆ, ಎಣಿಸಿದೆ. ಅಡ್ಡ ಗೆರೆ ನೇರ ಎಳೀತೀಯ ಈಗಲೂ. ಮಿಕ್ಕವಕ್ಕೆ ಡಬ್ಬ ಹೊರೋಕೆ ಒಬ್ಬ ಬೇಕಾದರೆ ಹದಿನೈದು ದಿನ ನನಗೆ ಬೇರೆ ಕೆಲಸ ಇಲ್ಲ. ಮಾತಾಡಲ್ಲ. ಹಿಂದೆ ಬರ್ತೀನಿ ಅಷ್ಟೇ.

ಅಡೆಲೀನೊ


ವಾಲೆ ಫುಂದೊ,
4 ಆಗಸ್ಟ್ 2024

ಅಡೆಲೀನೊ,

ಎದುರಿಗೆ ಹೇಳಬಹುದಿತ್ತು. ಗ್ರಸಿಂಡಗೂ ಕೆಲಸ ಬೇಕಲ್ಲ, ಅದಕ್ಕೆ ಬರೀತಿದೀನಿ.

ಡಬ್ಬ ಹೊತ್ತದ್ದು ಸರಿ ಇತ್ತು. ಮಾತಾಡದೇ ಇದ್ದದ್ದು ಇನ್ನೂ ಸರಿ ಇತ್ತು. ಕೊನೆ ಮರದ ಹತ್ತಿರ ನೀನು ಅತ್ತದ್ದನ್ನ ನಾನು ನೋಡಲಿಲ್ಲ, ಕಪ್ಪು ಕನ್ನಡಕ ಹಾಕ್ಕೊಂಡಿದ್ದೆ.

ಮುಂದಿನ ವರ್ಷ ಕೊಡಲಿ ಹಿಡೀತೀನೋ ಇಲ್ವೋ ಗೊತ್ತಿಲ್ಲ. ನೊಯೇಮಿಯ ಈಗ ಹೇಳೋಕಾಗಲ್ಲ ಅಂತಾಳೆ, ಆಗಬಹುದು, ಆಗದೇ ಇರಬಹುದು. ಮೊದಲೆಲ್ಲ ಈ ಮಾತು ಕೇಳಿದರೆ ಮುಖ ಮುಚ್ಕೋಬೇಕು ಅನ್ನಿಸ್ತಿತ್ತು. ಈಗ ಬರೀ ಬೇಜಾರಾಗುತ್ತೆ. ಸದ್ಯಕ್ಕೆ ಡಬ್ಬ, ಬ್ರಷ್ಷು, ದಿನಕ್ಕೆ ಮೂರು ಗಂಟೆ. ನನ್ನ ಕೊಡಲಿ ಎರ್ಕುಲಾನೊಗೆ ಕೊಡು. ಹಿಡಿ ಹೊಸದು ಅಂತ ಹೇಳು.

ನಿನ್ನನ್ನ ಮತ್ತೆ ಮರ ಹತ್ತಿಸಿದ ಮೇಲೆ ಒಂದು ನೋಡಿದೀನಿ. ಕೆಳಗೆ ಯಾರೂ ಇಲ್ಲದಿದ್ದರೂ ಒಂದೊಂದು ಹಲಗೆಗೂ ಕೂಗ್ತೀಯ. ಕೈಯಗಲದ ತುಂಡಿಗೂ ಕೂಗ್ತೀಯ. ಗುಡ್ಡದ ಆ ಕಡೆ ಬಣ್ಣ ಹಚ್ತಾ ಇರೋ ನನಗೂ ಕೇಳಿಸುತ್ತೆ. ಒಂದೊಂದು ಕೂಗಿಗೂ ತಲೆ ಹಿಂದೆ, ಸರಿಯಾಗಿ ಅದೇ ಜಾಗದಲ್ಲಿ ಚುಚ್ಚುತ್ತೆ. ನಿನ್ನೆ ಪುಸ್ತಕದಲ್ಲಿ ಆರು ಬರೆದೆ, ಅದರಲ್ಲಿ ಎರಡಾದರೂ ನಿಂದೇ.

ಕೂಗೋದು ನಿಲ್ಲಿಸಬೇಡ.

ಕುಸ್ತೋದಿಯೊ